ಅಡಿಕೆ ತೋಟದ ತೋಡುಗಳಲ್ಲಿ ಸಂಶೋಧನೆ: ತೋಟದವರು ಒಳಗೆ ಬಿಡುತ್ತಿಲ್ಲ, ಏನು ಮಾಡಲಿ?

ತೋಡಿನ_ಬದಿ
ಎಲ್ಲರಿಗೂ ನಮಸ್ಕಾರ. ಮಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಘಟ್ಟದ ಬುಡದಲ್ಲಿ ಅಡಿಕೆ ತೋಟಗಳ ನಡುವೆ ಹರಿಯುವ ಸಣ್ಣ ತೋಡುಗಳಲ್ಲಿ ಏನೇನು ಬದುಕುತ್ತದೆ ಎಂಬುದು ನನ್ನ ವಿಷಯ. ಗೊದಮೊಟ್ಟೆ, ಏಡಿ, ಸಣ್ಣ ಮೀನು, ಕಲ್ಲಿನಡಿಯ ಕೀಟಗಳ ಮರಿ, ಎಲ್ಲವೂ ಸೇರುತ್ತವೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುತ್ತಾರಲ್ಲ, ಆ ಬೋರ್ಡೋ ದ್ರಾವಣದ ತಾಮ್ರ ನೀರಿಗೆ ಎಷ್ಟು ಇಳಿಯುತ್ತದೆ, ಇಳಿದರೆ ಇವುಗಳಿಗೆ ಏನಾಗುತ್ತದೆ ಎಂದು ನೋಡಬೇಕು.

ಬೆಳ್ತಂಗಡಿ ಮತ್ತು ಕಾರ್ಕಳ ಕಡೆ ತೋಟಗಳನ್ನು ಹುಡುಕುತ್ತಿದ್ದೇನೆ. ಕಪ್ಪೆ ನೋಡಲು ಬಂದೆ ಎಂದರೆ ನಗುತ್ತಾರೆ, ಕುಳ್ಳಿರಿಸುತ್ತಾರೆ, ಬೆಲ್ಲ ನೀರು ಕೊಡುತ್ತಾರೆ. ಬೋರ್ಡೋಗೆ ಹಾಕುವ ಮೈಲುತುತ್ತಿನ (ತಾಮ್ರದ ಸಲ್ಫೇಟ್) ಮಾತು ಬಂದ ಕೂಡಲೇ ಮುಖ ಬದಲಾಗುತ್ತದೆ. ಒಬ್ಬರಂತೂ ನೇರವಾಗಿ ಕೇಳಿದರು: "ನೀನು ಬರೆದು ಡಾಕ್ಟರ್ ಆಗಿ ಹೋಗುತ್ತೀ. ನಾಳೆ ಮೈಲುತುತ್ತು ಬಂದ್ ಆದರೆ ನನ್ನ ತೋಟಕ್ಕೆ ಯಾರು ಬರುತ್ತಾರೆ?" ಇನ್ನೊಬ್ಬರು ಪಂಚಾಯತ್‌ನಿಂದ ಪತ್ರ ತರಲು ಹೇಳಿದರು, ಪಂಚಾಯತ್‌ನವರು ಅದು ಖಾಸಗಿ ಜಾಗ, ತಮಗೆ ಸಂಬಂಧವಿಲ್ಲ ಎಂದರು. ಸುಮ್ಮನೆ ಕಾಡಿನ ತೋಡನ್ನು ಆರಿಸಿಕೋ ಎಂಬ ಸಲಹೆಯೂ ಬಂದಿದೆ. ಆದರೆ ಕಾಡಿನಲ್ಲಿ ಅಡಿಕೆ ಎಲ್ಲಿದೆ?

ಮಳೆಗಾಲ ಹತ್ತಿರ ಬಂತು. ತೋಟದವರನ್ನು ಹೇಗೆ ಕೇಳಬೇಕು? ಈ ಕೆಲಸದಲ್ಲಿ ಅರ್ಥವಿದೆಯೇ?

ಕೊಡಿಯಾಲ_ಬೈಲು
ತೋಟದವರು ಬಿಟ್ಟರೂ ನಾಯಿ ಬಿಡಬೇಕಲ್ಲ.

ವಿಟ್ಲದ_ತೋಟಿಗ
ಅಡಿಕೆಯವನಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಪ್ರಶ್ನೆಯಲ್ಲೇ ತೀರ್ಪು ಇದೆ. "ತಾಮ್ರ ಇಳಿಯುತ್ತದೆ, ಜೀವಿಗಳಿಗೆ ಏನಾಗುತ್ತದೆ ನೋಡಬೇಕು" ಎಂದಾಗ ಅಪರಾಧಿ ಯಾರು ಎಂದು ನಿಮಗೆ ಮೊದಲೇ ಗೊತ್ತಿದ್ದ ಹಾಗಾಯಿತು. ಜುಲೈಯಲ್ಲಿ ಬಿಡದೆ ಮಳೆ ಹೊಡೆದು ಎರಡನೇ ಮದ್ದು ತಡವಾದರೆ ಮರದ ಬುಡದಲ್ಲಿ ಎಳೆಯಡಿಕೆ ಹಾಸಿಕೊಂಡು ಬಿದ್ದಿರುತ್ತದೆ. ಕೊಳೆತದ್ದರ ಮೇಲೆ ಬಿಳಿ ಹತ್ತಿಯಂಥ ಬೂಸು. ಅದನ್ನು ಹೆಕ್ಕಿ ಹೊರಗೆ ಹಾಕುವಾಗ ವರ್ಷದ ಲೆಕ್ಕವೆಲ್ಲ ಬುಟ್ಟಿಯಲ್ಲೇ ಕಾಣುತ್ತದೆ. ಆಗ ನನಗೆ ಏಡಿ ನೆನಪಾಗುವುದಿಲ್ಲ.

ನಮ್ಮ ಕಡೆ ಜನ ಹೆದರುವುದಕ್ಕೆ ಇನ್ನೊಂದು ಕಾರಣವೂ ಇದೆ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಊರುಗಳು ನಮ್ಮ ಸುತ್ತಮುತ್ತಲೇ ಇವೆ. ಕೊಕ್ಕಡ, ನಿಡ್ಲೆ ಕಡೆ ಹೋಗಿ ಕೇಳಿ. ಕಷ್ಟಪಟ್ಟವರು ಊರಿನವರು. ಬಂದು ಅಳೆದು ಹೋದವರು ಬಹಳ. 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸುವವರೆಗೆ ಎಷ್ಟು ಫೈಲುಗಳು ತಿರುಗಿದವೋ. ಹಾಗಾಗಿ ಬಾಟಲಿ ಹಿಡಿದು ಬಂದವರನ್ನು ಕಂಡರೆ ಇಲ್ಲಿ ಗೌರವಕ್ಕಿಂತ ಮೊದಲು ಅನುಮಾನ ಬರುತ್ತದೆ.

ಬೆಂಗಳೂರು_ವಾಸಿ
ಇಷ್ಟೆಲ್ಲ ಯಾಕೆ? ರಾಸಾಯನಿಕ ಬಿಟ್ಟು ಸಾವಯವಕ್ಕೆ ಬನ್ನಿ, ತೋಡು ತಾನಾಗಿ ಸರಿಯಾಗುತ್ತದೆ.

ವಿಟ್ಲದ_ತೋಟಿಗ
ಬನ್ನಿ ಸ್ವಾಮಿ, ನೀವೇ ಬಂದು ತೋರಿಸಿ. ಬೋರ್ಡೋವನ್ನು ಸಾವಯವ ಪ್ರಮಾಣೀಕರಣದಲ್ಲೂ ಮಿತಿಯೊಳಗೆ ಬಿಡುತ್ತಾರೆ ಎಂಬುದು ನಿಮಗೆ ಗೊತ್ತಿದೆಯೇ? ಮೈಲುತುತ್ತು ಮತ್ತು ಸುಣ್ಣ, ಅಷ್ಟೇ. ನಮ್ಮ ಅಜ್ಜನ ಕಾಲದಿಂದ ಇರುವುದು.

ಮುರಕಲ್ಲು
ಅಜ್ಜನ ಕಾಲ ಎನ್ನುವುದು ಸರಿಯೇ. ಮೈಸೂರು ಸರ್ಕಾರದ ಕೆಲಸದಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಮಲೆನಾಡಿನ ಕೊಳೆರೋಗವನ್ನು ಅಧ್ಯಯನ ಮಾಡಿ ಬೋರ್ಡೋವನ್ನು ಅಡಿಕೆಗೆ ಹೊಂದಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟದ ಮದ್ದು ಅದು. ಅಂದಿನಿಂದ ಲೆಕ್ಕ ಹಾಕಿದರೆ ಕೆಲವು ತೋಟಗಳ ಮಣ್ಣಿಗೆ ನೂರು ವರ್ಷದಿಂದ ತಾಮ್ರ ಬೀಳುತ್ತಿದೆ. ತಾಮ್ರ ಕರಗಿ ಮಾಯವಾಗುವ ವಸ್ತುವಲ್ಲ, ಮಣ್ಣಿನಲ್ಲಿ, ತೋಡಿನ ಕೆಸರಿನಲ್ಲಿ ಕುಳಿತಿರುತ್ತದೆ. ತಂಗಿಯ ಪ್ರಶ್ನೆ ಕೇಳಲೇಬೇಕಾದ ಪ್ರಶ್ನೆ.

ಅಂದ ಹಾಗೆ ಬಹಳ ಜನ ಕೊಳೆರೋಗವನ್ನು ಶಿಲೀಂಧ್ರ ಎಂದೇ ಬರೆಯುತ್ತಾರೆ. ಅದಕ್ಕೆ ಕಾರಣವಾದ ಫೈಟೋಫ್ತೊರಾ ನಿಜವಾದ ಶಿಲೀಂಧ್ರವಲ್ಲ. ಅದರ ಬೀಜಾಣುಗಳು ನೀರಿನಲ್ಲಿ ಈಜುತ್ತವೆ. ಮಳೆ ಬಿಡದಿದ್ದರೆ ರೋಗ ಏರುವುದು ಅದಕ್ಕೇ.

ಕೊಡಿಯಾಲ_ಬೈಲು
ಮುರಕಲ್ಲು ಬಂದರೆ ತಿದ್ದುಪಡಿ ಬಂದಂತೆಯೇ.

ಎಕ್ಕೂರಿನ_ಹಳಬ
ನಾನು ಮೀನುಗಾರಿಕಾ ಕಾಲೇಜಿನ ಹಳೆಯ ವಿದ್ಯಾರ್ಥಿ. 1969ರಲ್ಲಿ ಶುರುವಾದ ಕಾಲೇಜು, ಈ ವಿಷಯಕ್ಕೆ ದೇಶದಲ್ಲೇ ಮೊದಲನೆಯದು. ಅಲ್ಲಿ ನಮಗೆ ಮೊದಲು ತಲೆಗೆ ತುಂಬಿದ ಪಾಠ ನೀರಿನ ಗಡಸುತನ. ಅದನ್ನು ಬಿಟ್ಟು ತಾಮ್ರದ ಮಾತು ಆಡುವುದು ವ್ಯರ್ಥ.

ತಾಮ್ರದ ಅಯಾನು ಮೀನಿನ ಕಿವಿರಿಗೆ ಅಂಟಿಕೊಂಡು ಅದು ಉಪ್ಪಿನ ಅಂಶವನ್ನು ಒಳಗೆ ಎಳೆದುಕೊಳ್ಳುವುದನ್ನು ತಡೆಯುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಆ ಜಾಗಕ್ಕೆ ಅದು ಪೈಪೋಟಿ ಮಾಡುತ್ತದೆ, ಮೀನು ಉಳಿದುಕೊಳ್ಳುತ್ತದೆ. ಘಟ್ಟದ ತೋಡುಗಳ ನೀರು ಬಹಳ ಮೆದು. ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲಿ ಏನೂ ಮಾಡದ ತಾಮ್ರ ಇಲ್ಲಿ ಮರಿಮೀನನ್ನು ಕೊಲ್ಲಬಹುದು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ತಾಮ್ರಕ್ಕೆ ಲೀಟರಿಗೆ 0.05 ಮಿಲಿಗ್ರಾಂ ಅಪೇಕ್ಷಿತ ಮಿತಿ, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ಬಿಡುತ್ತಾರೆ. ಮನುಷ್ಯರಿಗೆ ಸರಿ ಎನಿಸುವ ಆ 1.5ರಲ್ಲಿ ಮೆದು ನೀರಿನ ಸೂಕ್ಷ್ಮ ಮೀನು ಬದುಕುವುದು ಕಷ್ಟ. ಹಾಗಾಗಿ "ನಾವೇ ಕುಡಿಯುವ ನೀರು, ಏನೂ ಆಗಿಲ್ಲ" ಎಂದು ತೋಟದವರು ಹೇಳಿದರೆ ಅದು ಸುಳ್ಳಲ್ಲ. ಆದರೆ ಅದು ಮೀನಿನ ಪ್ರಶ್ನೆಗೆ ಉತ್ತರವೂ ಅಲ್ಲ.

ನೀರು ಹಿಡಿಯುವಾಗ 0.45 ಮೈಕ್ರಾನ್ ಜಾಲರಿಯಲ್ಲಿ ಸೋಸಿದ್ದು ಒಂದು ಬಾಟಲಿ, ಸೋಸದ್ದು ಇನ್ನೊಂದು. ಕರಗಿದ ತಾಮ್ರ ಬೇರೆ, ಕೆಸರಿಗೆ ಅಂಟಿದ್ದು ಬೇರೆ. ಎರಡಕ್ಕೂ ನೈಟ್ರಿಕ್ ಆಮ್ಲದ ಹನಿ ಹಾಕಿ ಇಡಿ. ಆಮ್ಲದಲ್ಲಿ ತೊಳೆಯದ ಬಾಟಲಿ ತೆಗೆದುಕೊಂಡು ಹೋದರೆ ಕೊನೆಗೆ ಬಾಟಲಿಯನ್ನೇ ಅಳೆದಂತಾಗುತ್ತದೆ.

ವಿಟ್ಲದ_ತೋಟಿಗ
ಹಳಬರೇ, ಬೋರ್ಡೋದಲ್ಲಿ ಸುಣ್ಣವೂ ಇದೆಯಲ್ಲ? ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಕೂಡಿಸುತ್ತೇವೆ. ಆಮೇಲೆ ಹೊಳೆಯುವ ಕತ್ತಿಯನ್ನು ಅದ್ದಿ ನೋಡುತ್ತೇವೆ, ಅಲಗಿನ ಮೇಲೆ ಕೆಂಪು ಬಂದರೆ ಇನ್ನಷ್ಟು ಸುಣ್ಣ. ಕೆಂಪು ಬಾರದಿದ್ದರೆ ಹುಳಿ ಹೋಗಿದೆ ಎಂದರ್ಥ. ಎಂದ ಮೇಲೆ ಕ್ಯಾಲ್ಸಿಯಂ ತೋಡಿಗೂ ಹೋಗುವುದಿಲ್ಲವೇ?

ಎಕ್ಕೂರಿನ_ಹಳಬ
ಹೋಗುತ್ತದೆ. ಮಳೆಗಾಲದ ತೋಡಿನ ಹರಿವಿಗೆ ಅದು ಏನೇನೂ ಸಾಲದು. ನಿಮ್ಮ ಕತ್ತಿ ಪರೀಕ್ಷೆ ಮಾತ್ರ ನೂರಕ್ಕೆ ನೂರು ಸರಿ. ಕಬ್ಬಿಣದ ಮೇಲೆ ತಾಮ್ರ ಕುಳಿತರೆ ಬಿಡುಗಡೆಯಾದ ತಾಮ್ರ ಉಳಿದಿದೆ ಎಂದು ಅರ್ಥ. ಸುಣ್ಣ ಸರಿಯಾಗಿ ಬಿದ್ದರೆ ತಾಮ್ರ ಬಹುಪಾಲು ಕರಗದ ರೂಪದಲ್ಲಿರುತ್ತದೆ. ಗೊನೆಯ ಮೇಲೆ ಅಂಟಿ ಕೂರುವುದೂ ಅದೇ ಕಾರಣಕ್ಕೆ.

ನನ್ನ ಅನುಮಾನ ಬೇರೆ ಕಡೆ ಇದೆ. ಮದ್ದು ಬಿಟ್ಟು ಮುಗಿದ ಮೇಲೆ ಡ್ರಮ್ಮು, ಪೈಪು, ಪಂಪು ಎಲ್ಲಿ ತೊಳೆಯುತ್ತೀರಿ?

ವಿಟ್ಲದ_ತೋಟಿಗ
ತೋಡಿನಲ್ಲಿ. ಮತ್ತೆಲ್ಲಿ?

ಎಕ್ಕೂರಿನ_ಹಳಬ
ಅದೇ. ಗೊನೆಯಿಂದ ತೊಟ್ಟಿಕ್ಕುವುದು ದಿನಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಬರುತ್ತದೆ. ಡ್ರಮ್ಮು ತೊಳೆದದ್ದು ಒಂದೇ ಗಳಿಗೆಯಲ್ಲಿ, ಒಂದೇ ಕಡೆ. ಉಳಿದ ಅರ್ಧ ಬಕೆಟ್ ನೀಲಿ ನೀರನ್ನು ಚೆಲ್ಲುವುದೂ ಅಲ್ಲಿಯೇ. ತಂಗಿ, ನೀನು ಅಳೆಯಬೇಕಾದದ್ದು ಇದನ್ನು. ತೊಳೆಯುವ ಕಟ್ಟೆಯ ಮೇಲೆ, ಕೆಳಗೆ, ಇನ್ನೂ ಕೆಳಗೆ. ತೊಳೆಯುವ ಮೊದಲು, ತೊಳೆಯುವಾಗ, ಆಮೇಲೆ. ಅಪಾಯ ಅಲ್ಲೇ ಇದೆ ಎಂದು ಕಂಡುಬಂದರೆ ಪರಿಹಾರಕ್ಕೆ ಯಾರೂ ಮದ್ದು ನಿಲ್ಲಿಸಬೇಕಾಗಿಲ್ಲ, ಡ್ರಮ್ಮನ್ನು ತೋಟದ ಒಳಗೆ ಮರದ ಬುಡದಲ್ಲಿ ತೊಳೆದರೆ ಸಾಕು. ಇಂಥ ಪ್ರಶ್ನೆ ಹಿಡಿದು ಹೋದರೆ ಯಾವ ತೋಟದವನೂ ಗೇಟು ಹಾಕಲಾರ.

ಸುಳ್ಯದ_ಸೊಸೆ
ಎಲ್ಲರೂ "ತೋಟದವನು, ತೋಟದವನು" ಎನ್ನುತ್ತಿದ್ದೀರಿ. ತೋಡಿನಲ್ಲಿ ಏನಿದೆ ಎಂದು ಗೊತ್ತಿರುವುದು ತೋಟದವಳಿಗೆ. ಬಟ್ಟೆ ಒಗೆಯಲು, ದನಕ್ಕೆ ಹುಲ್ಲು ತೊಳೆಯಲು ದಿನಾ ಅಲ್ಲಿಗೆ ಇಳಿಯುವವರು ನಾವು. ನಮ್ಮ ತೋಡಿನಲ್ಲಿ ಮಳೆ ಹಿಡಿದ ಮೇಲೆ ಹೆಬ್ಬೆರಳಷ್ಟು ದಪ್ಪದ ಕಪ್ಪು ಗೊದಮೊಟ್ಟೆಗಳು ಹಿಂಡು ಹಿಂಡಾಗಿ ಬರುತ್ತವೆ. ಒಗೆಯುವ ಕಲ್ಲಿನ ಹಿಂದೆ ನೀರು ನಿಧಾನವಾಗುವ ಜಾಗದಲ್ಲಿ ಎಲ್ಲವೂ ಒಂದೇ ದಿಕ್ಕಿಗೆ ತಲೆ ಇಟ್ಟು, ಬಾಲವನ್ನು ಮಾತ್ರ ಆಡಿಸುತ್ತ ನಿಂತಿರುತ್ತವೆ. ಸೋಪಿನ ನೊರೆ ಬಂದರೆ ಇಡೀ ಹಿಂಡು ಆಚೆ ದಡಕ್ಕೆ ಸರಿಯುತ್ತದೆ. ಮೇಲಿನ ತೋಟದಲ್ಲಿ ಮದ್ದು ಬಿಟ್ಟ ವಾರ ಅವು ಕಡಿಮೆಯಾದ ಹಾಗೆ ನನಗೆ ಅನಿಸಿದ್ದುಂಟು. ಮಳೆಯ ಸೆಳೆತಕ್ಕೆ ಕೊಚ್ಚಿಹೋದವೋ, ಮದ್ದಿಗೋ, ನನಗೆ ಹೇಳಲು ಬರುವುದಿಲ್ಲ. ಅದಕ್ಕೇ ನೀನು ಓದಿ ಹೇಳಬೇಕು.

ಮನೆಗೆ ಬೆಳಿಗ್ಗೆ ಹೋಗಬೇಡ, ಆಳುಗಳು ಬಂದಿರುತ್ತಾರೆ, ಯಾರಿಗೂ ಪುರುಸೊತ್ತಿಲ್ಲ. ಸಂಜೆ ಚಹಾದ ಹೊತ್ತಿಗೆ ಹೋಗಿ ಹೆಂಗಸರ ಜೊತೆ ಮಾತಾಡು. ಮೈಲುತುತ್ತಿನ ಹೆಸರನ್ನು ಮೊದಲ ದಿನ ಎತ್ತಲೇಬೇಡ.

ಇರುಳುಗಪ್ಪೆ
ಅಕ್ಕ, ನೀವು ಹೇಳಿದ ಕಪ್ಪು ಗೊದಮೊಟ್ಟೆ ಬಹುಶಃ ಕ್ಲಿನೊಟಾರ್ಸಸ್ ಕರ್ಟಿಪಿಸ್. ದೊಡ್ಡದಾದ ಮೇಲೆ ಬೆನ್ನು ಹೊಂಬಣ್ಣ, ಪಕ್ಕ ಕಪ್ಪು ಇರುವ ಕಪ್ಪೆ. ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ. ಫೋಟೋ ಇದ್ದರೆ ಹಾಕಿ.

ಆದರೆ ಕೊನೆಯ ಸಲಹೆಯನ್ನು ನಾನು ಒಪ್ಪುವುದಿಲ್ಲ. ಉದ್ದೇಶ ಮುಚ್ಚಿಟ್ಟು ಒಳಗೆ ಹೋಗುವುದು ಸರಿಯಲ್ಲ. ನಾಳೆ ಪ್ರಬಂಧ ಹೊರಬಂದಾಗ ಆ ಮನೆಯವರಿಗೆ ಗೊತ್ತಾಗುತ್ತದೆ. ಆಮೇಲೆ ಬರುವ ಹತ್ತು ವಿದ್ಯಾರ್ಥಿಗಳಿಗೆ ಬಾಗಿಲು ಮುಚ್ಚುತ್ತದೆ.

ಸುಳ್ಯದ_ಸೊಸೆ
ಮುಚ್ಚಿಡು ಎಂದು ಯಾರು ಹೇಳಿದರು? ಮೊದಲ ದಿನ ಬೇಡ ಎಂದೆ. ಹೆಣ್ಣು ನೋಡಲು ಬಂದವರು ಹೊಸಿಲಲ್ಲೇ ನಿಂತು ವರದಕ್ಷಿಣೆ ಮಾತಾಡುತ್ತಾರೆಯೇ?

ಇರುಳುಗಪ್ಪೆ
ವರದಕ್ಷಿಣೆ ಮಾತಾಡುವುದೇ ಅಪರಾಧ ಅಕ್ಕ.

ಸುಳ್ಯದ_ಸೊಸೆ
ಸರಿ ಮಾರಾಯರೇ, ಮೊದಲ ದಿನವೇ ಹೇಳಲಿ, ಎರಡನೇ ದಿನ ಬಾಗಿಲು ತೆರೆಯುತ್ತಾರೆಯೇ ನೋಡೋಣ.

ಮಳೆಮಾಪಕ
ಕಾರ್ಕಳದಿಂದ. ಮನೆಯಂಗಳದಲ್ಲಿ ಮಳೆ ಅಳೆಯುವ ಹುಚ್ಚು ನನ್ನದು, ಆದ್ದರಿಂದ ಮಳೆಯ ಕಡೆಯಿಂದಲೇ ಮಾತಾಡುತ್ತೇನೆ. ಮದ್ದಿನ ಮೊದಲು ಒಮ್ಮೆ, ಅನಂತರ ಒಮ್ಮೆ ಎಣಿಸಿದರೆ ಏನೂ ಗೊತ್ತಾಗುವುದಿಲ್ಲ. ಮೊದಲ ಮದ್ದು ಮಳೆ ಹಿಡಿಯುವ ಹೊತ್ತಿಗೆ, ಎರಡನೆಯದು ನಲವತ್ತು ನಲವತ್ತೈದು ದಿನ ಬಿಟ್ಟು. ಈ ನಡುವೆ ತೋಡು ತಾನೇ ಪೂರ್ತಿ ಬದಲಾಗಿರುತ್ತದೆ. ಮೇ ಕೊನೆಯಲ್ಲಿ ಗುಂಡಿಯಲ್ಲಿ ನಿಂತ ನೀರು, ಜುಲೈಯಲ್ಲಿ ಆಳೆತ್ತರದ ಕೆಂಪು ಹೊಳೆ. ಗೊದಮೊಟ್ಟೆ ಕಡಿಮೆಯಾದರೆ ಅದನ್ನು ತಾಮ್ರದ ಲೆಕ್ಕಕ್ಕೆ ಹಾಕುತ್ತೀರಾ, ಮಳೆಯ ಲೆಕ್ಕಕ್ಕೆ ಹಾಕುತ್ತೀರಾ?

ಮದ್ದು ಬಿಡದ ತೋಡುಗಳೂ ಬೇಕು. ಅದೇ ಗುಡ್ಡ, ಅದೇ ಮಳೆ, ಆದರೆ ಅಡಿಕೆ ಇಲ್ಲದ ತೋಡು. ಎರಡೂ ಕಡೆ ಒಂದೇ ದಿನ ನೋಡಿ. ಒಂದು ಕಡೆ ಇಳಿದು ಇನ್ನೊಂದು ಕಡೆ ಇಳಿಯದಿದ್ದರೆ ಆಗ ಮಾತಾಡಬಹುದು. ಮಳೆ ಲೆಕ್ಕವನ್ನು ತಾಲೂಕು ಕೇಂದ್ರದಿಂದ ತಂದು ಹಚ್ಚಬೇಡಿ. ನಮ್ಮ ಮನೆಯಲ್ಲಿ ಸುರಿದ ಮಳೆ ಎದುರು ಗುಡ್ಡದಲ್ಲಿ ಇರುವುದಿಲ್ಲ.

ರಬ್ಬರ್_ನೆರಳು
ಅಡಿಕೆ ಇಲ್ಲದ ತೋಡು ಎಂದರೆ ರಬ್ಬರ್ ತೋಟದ್ದು ಆಗಬಹುದೇ? ನಮ್ಮದು ಇದೆ.

ಮಳೆಮಾಪಕ
ರಬ್ಬರಿಗೂ ಮಳೆಗಾಲದ ಮೊದಲು ತಾಮ್ರದ ಮದ್ದು ಬಿಡುವವರಿದ್ದಾರಲ್ಲ? ನೀವು ಬಿಡುತ್ತೀರಾ ಎಂದು ಮೊದಲು ಹೇಳಿ.

ರಬ್ಬರ್_ನೆರಳು
ಬಿಡುತ್ತೇವೆ.

ಮಳೆಮಾಪಕ
ಮುಗಿಯಿತು.

ಶಾಂಭವಿ_ತೀರ
ಎಲ್ಲರೂ ತಾಮ್ರದ ಹಿಂದೆ ಬಿದ್ದಿದ್ದೀರಿ. ತೋಡಿನ ಮೀನು ಹೋದದ್ದು ಕಿಂಡಿ ಅಣೆಕಟ್ಟುಗಳಿಂದ ಎಂದು ನನ್ನ ಅಭಿಪ್ರಾಯ. ಮೊದಲು ಮಳೆ ನಿಂತ ಮೇಲೆ ಊರಿನವರು ಸೇರಿ ಕಲ್ಲು, ಮಣ್ಣು, ಅಡಿಕೆ ಮರ ಹಾಕಿ ಕಟ್ಟ ಕಟ್ಟುತ್ತಿದ್ದರು. ಹೊಸ ಮಳೆಗೆ ಅದು ಕೊಚ್ಚಿಹೋಗುತ್ತಿತ್ತು. ಉಬರ್ ಮೀನು, ಅಂದರೆ ಹೊಸ ಮಳೆಗೆ ಮೊಟ್ಟೆ ಇಡಲು ಮೇಲೆ ಹತ್ತುವ ಮೀನು, ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಹತ್ತಲು ದಾರಿ ಇತ್ತು. ಈಗ ಪಶ್ಚಿಮ ವಾಹಿನಿ ಯೋಜನೆಯಲ್ಲಿ ಎಲ್ಲೆಂದರಲ್ಲಿ ಕಾಂಕ್ರೀಟು. ಹಲಗೆ ತೆಗೆದರೂ ಕೆಳಗಿನ ಕಾಂಕ್ರೀಟು ಹಾಸಿನಿಂದ ನೀರು ಧುಮುಕುವ ಕಡೆ ಮೀನು ಹಾರಿ ಹಾರಿ ಸೋಲುತ್ತದೆ. ಜನ ಅಲ್ಲೇ ಬಲೆ ಹಿಡಿದು ನಿಂತಿರುತ್ತಾರೆ.

ವಿಟ್ಲದ_ತೋಟಿಗ
ಕಿಂಡಿ ಅಣೆಕಟ್ಟು ಬಂದ ಮೇಲೆ ನಮ್ಮ ಬಾವಿಯಲ್ಲಿ ಏಪ್ರಿಲ್‌ವರೆಗೆ ನೀರಿದೆ. ಅದನ್ನೂ ಬರೆಯಿರಿ. ಕಟ್ಟ ಕಟ್ಟಲು ಈಗ ಊರಿನಲ್ಲಿ ಆಳುಗಳು ಎಲ್ಲಿದ್ದಾರೆ?

ಶಾಂಭವಿ_ತೀರ
ನೀರು ಬೇಡ ಎಂದೆನೇ? ಮೀನಿಗೆ ಒಂದು ಇಳಿಜಾರು ಮಾಡಿದ್ದರೆ ಏನಾಗುತ್ತಿತ್ತು ಎಂದೆ.

ಮೂಲ್ಕಿ_ಮುಗುಡು
ಉಬರ್ ಮೀನಿನ ಮಾತು ಬಂತು, ಬಾಯಲ್ಲಿ ನೀರು ಬಂತು. ಮೊದಲ ಮಳೆಯ ಮುಗುಡು, ಬೂದಿಯಲ್ಲಿ ಉಜ್ಜಿ ಲೋಳೆ ತೆಗೆದು, ಹುಣಸೆಗೆ ಬದಲು ಬಿಂಬುಳಿ ಹಾಕಿ ಮಾಡಿದ ಪುಳಿಮುಂಚಿ. ಕುಚ್ಚಲಕ್ಕಿ ಗಂಜಿ. ಸಂಶೋಧನೆ ಆಮೇಲೆ.

ಕೊಡಿಯಾಲ_ಬೈಲು
ಬಿಂಬುಳಿ ಹಾಕಿದರೆ ಅದು ಪುಳಿಮುಂಚಿಯೇ ಅಲ್ಲ.

ಮುರಕಲ್ಲು
ಮೊಟ್ಟೆ ಇಡಲು ಹತ್ತುವ ಮೀನನ್ನೇ ಹಿಡಿದು ತಿಂದು, ಮರುವರ್ಷ ಮೀನಿಲ್ಲ ಎನ್ನುವುದು ಯಾವ ನ್ಯಾಯ?

ಮೂಲ್ಕಿ_ಮುಗುಡು
ಮುರಕಲ್ಲು ಅವರೇ, ನಿಮ್ಮ ಮನೆಗೆ ಬಂದರೆ ಊಟ ಹಾಕುತ್ತೀರಾ, ಉಪನ್ಯಾಸ ಕೊಡುತ್ತೀರಾ?

ನಿರ್ವಾಹಕ
ಅಡುಗೆಗೆ ಬೇರೆ ವಿಭಾಗವಿದೆ. ಇಲ್ಲಿ ತೋಡಿನ ವಿಷಯ ಮಾತ್ರ ಇರಲಿ.

ಕಪಿಲೆಯ_ಮಗ
ವಿಷಯಕ್ಕೇ ಬರುತ್ತೇನೆ. ಶಿಶಿಲದ ಕಡೆಯವನು. ದೇವಸ್ಥಾನದ ಎದುರಿನ ಕಪಿಲಾ ನದಿಯಲ್ಲಿ ದೇವರ ಮೀನುಗಳಿವೆ, ಮಹಶೀರ್ ಜಾತಿ, ಯಾರೂ ಹಿಡಿಯುವುದಿಲ್ಲ. 1996ರಲ್ಲಿ ಕಿಡಿಗೇಡಿಗಳು ನದಿಗೆ ವಿಷ ಹಾಕಿ ಸಾವಿರಾರು ಮೀನು ಸತ್ತವು. ಅವುಗಳ ನೆನಪಿಗೆ ಊರಿನವರು ಸ್ಮಾರಕ ಕಟ್ಟಿದ್ದಾರೆ. ಆ ಕಾಲದ ಹಿರಿಯರ ಹತ್ತಿರ "ನೀರಿಗೆ ಮದ್ದು" ಎಂಬ ಮಾತು ಎತ್ತಿದರೆ ಇಂದಿಗೂ ಬೇರೆ ಅರ್ಥ ಬರುತ್ತದೆ. ನಮ್ಮ ಕಡೆ ಬರುವುದಾದರೆ ಮಾತಿನಲ್ಲಿ ಎಚ್ಚರವಿರಲಿ. ಆದರೆ ಒಂದು ಲಾಭವೂ ಇದೆ. ಮೀನಿಗಾಗಿ ಎಂದರೆ ನಮ್ಮವರು ಕೆಲಸ ಬಿಟ್ಟು ಜೊತೆಗೆ ಬರುತ್ತಾರೆ.

ತೋಡಿನ_ಬದಿ
ಇಷ್ಟೊಂದು ಉತ್ತರ ಬರುತ್ತದೆ ಎಂದುಕೊಂಡಿರಲಿಲ್ಲ. ಹಳಬರೇ, ಡ್ರಮ್ಮು ತೊಳೆಯುವ ವಿಷಯವನ್ನು ಮಾರ್ಗದರ್ಶಕರ ಮುಂದೆ ಇಟ್ಟೆ, ಅವರಿಗೂ ಹಿಡಿಸಿತು. ಮಳೆಮಾಪಕ ಅವರೇ, ಮದ್ದು ಬಿಡದ ತೋಡುಗಳಿಗಾಗಿ ಸೋಮೇಶ್ವರ ಅಭಯಾರಣ್ಯದ ಅಂಚು ನೋಡುತ್ತಿದ್ದೇನೆ. ಅಲ್ಲಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅರ್ಜಿ ಹೋಗಿ ಕುಳಿತಿದೆ. ಮೇಲಿನವರು ಕೇಳುವ ಪ್ರಶ್ನೆಯೂ ಒಂದಿದೆ: ಕಾಡು ಬಿಟ್ಟು ತೋಟದಲ್ಲಿ ಮಾಡಿದ್ದನ್ನು ವನ್ಯಜೀವಿ ಸಂಶೋಧನೆ ಎನ್ನಬಹುದೇ?

ಇರುಳುಗಪ್ಪೆ
ಹಾಗೆ ಕೇಳಿದವರಿಗೆ ನಮ್ಮ ಜಿಲ್ಲೆಗಳದ್ದೇ ಉದಾಹರಣೆ ಕೊಡಿ. 2016ರಲ್ಲಿ ವಿಜ್ಞಾನಕ್ಕೆ ಹೊಸದೆಂದು ದಾಖಲಾದ ಮೈಕ್ರೊಹೈಲಾ ಲ್ಯಾಟರೈಟ್ ಎಂಬ ಕಪ್ಪೆ ಸಿಕ್ಕಿದ್ದು ಮಣಿಪಾಲದ ಸುತ್ತಿನ ಮುರಕಲ್ಲು ಪಾದೆಗಳಲ್ಲಿ. ಹೆಬ್ಬೆರಳಿನ ಉಗುರಿನ ಮೇಲೆ ಕೂರುವ ಗಾತ್ರ. ಆ ಪಾದೆಗಳು ಜನ ಬಂಜರು ಭೂಮಿ ಎಂದು ಕಸ ಹಾಕುವ ಜಾಗ. 2018ರ ಮೈಕ್ರೊಹೈಲಾ ಕೊಡಿಯಾಲ್ ಸಿಕ್ಕಿದ್ದು ಮಂಗಳೂರು ನಗರದೊಳಗೆ, ಹಿಂದೆ ಮರದ ದಿಮ್ಮಿ ರಾಶಿ ಹಾಕುತ್ತಿದ್ದ ಜಾಗದಲ್ಲಿ. ಅದರ ಹತ್ತಿರದ ನೆಂಟರು ಆಗ್ನೇಯ ಏಷ್ಯಾದ ಕಪ್ಪೆಗಳಾದ್ದರಿಂದ ದಿಮ್ಮಿಗಳ ಜೊತೆ ಹಡಗಿನಲ್ಲಿ ಬಂದಿರಬಹುದೇ ಎಂಬ ಪ್ರಶ್ನೆಯೂ ಇದೆ. ಅದಕ್ಕೂ ಮೊದಲು 2009ರಲ್ಲಿ ಯೂಫ್ಲಿಕ್ಟಿಸ್ ಅಲೋಷಿಯೈ. ಈ ಮೂರರಲ್ಲಿ ಯಾವುದಕ್ಕೂ ಹುಲಿ ಕಾಡು ಬೇಕಾಗಲಿಲ್ಲ.

ಕೊಣಾಜೆ_ಗುಡ್ಡ
ಮಳೆಗಾಲದ ತೋಡಿನಲ್ಲೇ ಪಿಎಚ್‌ಡಿ ಮುಗಿಸಿದವಳು ನಾನು. ತಂಗಿ, ಇಲ್ಲಿ ಯಾರೂ ಹೇಳದ ಕೆಲವು ಮಾತು ಹೇಳುತ್ತೇನೆ.

ಮೊದಲು ಹಣ. ಜೆಆರ್‌ಎಫ್ (ಸಂಶೋಧನಾ ವಿದ್ಯಾರ್ಥಿವೇತನ) ಮೊತ್ತ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಎಂದು ಕಾಗದದಲ್ಲಿದೆ. ಕೈಗೆ ಬರುವುದು ಯಾವಾಗ ಎಂಬುದು ಬೇರೆ ಕಥೆ. ತಿಂಗಳುಗಟ್ಟಲೆ ಬಾರದ ಕಾಲದಲ್ಲಿ ಮನೆಯವರ ದುಡ್ಡಿನಲ್ಲಿ ಬಸ್ಸು ಹತ್ತಿದ್ದೇನೆ. ಹಾಗಾಗಿ ತೋಡುಗಳು ಬಸ್ಸು ಹೋಗುವ ದಾರಿಯಲ್ಲಿರಲಿ. ನಕ್ಷೆಯಲ್ಲಿ ಚೆಂದ ಕಾಣುವ ತೋಡಿಗಿಂತ ಸಂಜೆ ಆರರ ಬಸ್ಸು ಸಿಗುವ ತೋಡು ಮೇಲು.

ಎರಡನೆಯದು ದೇಹ. ಉಂಬಳ ಕಚ್ಚಿದರೆ ಯಾರೂ ಸಾಯುವುದಿಲ್ಲ, ಇಲಿ ಜ್ವರ ಹಾಗಲ್ಲ. ಅಡಿಕೆ ತೋಟ, ಗದ್ದೆಯ ನೀರಿನಲ್ಲಿ ಇಲಿಯ ಮೂತ್ರದಿಂದ ಬರುವ ರೋಗ. ಕಾಲಿನಲ್ಲಿ ಗಾಯವಿದ್ದರೆ ನೀರಿಗೆ ಇಳಿಯಬೇಡ, ಮೊಣಕಾಲಿನವರೆಗಿನ ಬೂಟು ಹಾಕು. ಮಳೆಗಾಲದ ಮೊದಲು ವೈದ್ಯರ ಹತ್ತಿರ ಮಾತಾಡು, ಜ್ವರ ಬಂದರೆ ತೋಡಿಗೆ ಇಳಿಯುತ್ತಿದ್ದೆ ಎಂದು ಮೊದಲೇ ಹೇಳು. ರಾತ್ರಿ ಒಬ್ಬಳೇ ಬೇಡವೇ ಬೇಡ. ಗುಂಡಿಮೂಗಿನ ಮಂಡಲದ ಹಾವುಗಳು ತೋಡಿನ ಬದಿಯ ಕಡ್ಡಿಯ ಮೇಲೆ ಕುಳಿತಿರುತ್ತವೆ. ಆಸ್ಪತ್ರೆಯಲ್ಲಿ ಸಿಗುವ ವಿಷನಿರೋಧಕ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು, ಗುಂಡಿಮೂಗಿನ ಮಂಡಲಕ್ಕಲ್ಲ.

ಮೂರನೆಯದು ಬಲೆ. ಗೊದಮೊಟ್ಟೆಯ ಮೇಲೇ ಎಲ್ಲ ಭಾರ ಹಾಕಬೇಡ. ತೋಡಿನ ತಳದಲ್ಲಿ ಬಲೆಯ ಬಾಯಿಯನ್ನು ಹರಿವಿಗೆ ಎದುರಾಗಿ ಇಟ್ಟು, ಅದರ ಮುಂದೆ ನಿಂತು ಕಾಲಿನಿಂದ ಕಲ್ಲುಗಳನ್ನು ಕೆದಕಬೇಕು. ಬಲೆಯನ್ನು ಬಿಳಿ ತಟ್ಟೆಗೆ ಮಗುಚಿ ಸ್ವಲ್ಪ ಹೊತ್ತು ಸುಮ್ಮನೆ ಕಾಯಬೇಕು. ಮೊದಲು ಬರೀ ಎಲೆ, ಮರಳು. ಆಮೇಲೆ ಎಲೆಯ ಚೂರು ಎಂದುಕೊಂಡದ್ದು ಮೂರು ಬಾಲದ ಎಳೆ ಆಡಿಸಿ ಹರಿದಾಡುತ್ತದೆ, ಮರಳಿನ ಕೊಳವೆ ಎಂದುಕೊಂಡದ್ದು ತಲೆ ಹೊರಹಾಕಿ ತನ್ನ ಮನೆಯನ್ನೇ ಎಳೆದುಕೊಂಡು ನಡೆಯುತ್ತದೆ. ಏರೋಪ್ಲೇನ್ ಚಿಟ್ಟೆಯ ಮರಿ ಮೂಲೆಯಲ್ಲಿ ಕುಳಿತು ಇವೆರಡನ್ನೂ ತಿನ್ನಲು ನೋಡುತ್ತಿರುತ್ತದೆ. ತಾಮ್ರಕ್ಕೆ ಬೇಗ ಸೋಲುವುದು ಮೊದಲಿನ ಮೂರು ಬಾಲದ್ದು, ಮೇಫ್ಲೈ ಗುಂಪು. ತೋಟದವರಿಗೆ ಆ ತಟ್ಟೆ ತೋರಿಸು. ನನ್ನನ್ನು ಅನುಮಾನದಿಂದ ನೋಡುತ್ತಿದ್ದ ಯಜಮಾನರೊಬ್ಬರು ತಟ್ಟೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಮೊಮ್ಮಕ್ಕಳನ್ನು ಕೂಗಿ ಕರೆದಿದ್ದರು.

ಕೊನೆಯದಾಗಿ, ತೋಟದ ಹೆಸರು, ಸರ್ವೆ ನಂಬರು, ಜಿಪಿಎಸ್ ಬಿಂದು ಯಾವುದನ್ನೂ ಪ್ರಬಂಧದಲ್ಲಿ ಹಾಕುವುದಿಲ್ಲ ಎಂದು ಬರೆದುಕೊಡು. ಫಲಿತಾಂಶವನ್ನು ಒಂದು ಪುಟದ ಕನ್ನಡದಲ್ಲಿ ಅವರಿಗೆ ಮೊದಲು ಕೊಡು. ಪಿಎಚ್‌ಡಿ ಸಲ್ಲಿಸಲು ಪತ್ರಿಕೆಯಲ್ಲಿ ಲೇಖನ ಪ್ರಕಟವಾಗಲೇಬೇಕೆಂಬ ಯುಜಿಸಿ ಕಡ್ಡಾಯ 2022ರಲ್ಲೇ ಹೋಯಿತು. ವಿಶ್ವವಿದ್ಯಾಲಯದ ನಿಯಮವನ್ನು ಮಾತ್ರ ನೋಡಿಕೋ. ಅವಸರಕ್ಕೆ ದುಡ್ಡು ಕೊಟ್ಟು ಅಚ್ಚು ಹಾಕಿಸುವ ಪತ್ರಿಕೆಗಳ ಬಾಗಿಲಿಗೆ ಹೋಗಬೇಡ.

ಕೊಡಿಯಾಲ_ಬೈಲು
ಇದನ್ನು ಉಳಿಸಿಟ್ಟುಕೊಂಡೆ. ನಾನು ಪಿಎಚ್‌ಡಿ ಮಾಡುವುದಿಲ್ಲ, ಆದರೂ.

ವಿಟ್ಲದ_ತೋಟಿಗ
ನಿಮ್ಮಲ್ಲಿ ನೀರುನಾಯಿಯ ಬಗ್ಗೆ ಗೊತ್ತಿರುವವರು ಯಾರಾದರೂ ಇದ್ದೀರಾ? ನಮ್ಮ ಕೆರೆಗೆ ಬಿಟ್ಟ ಮೀನನ್ನು ರಾತ್ರಿ ಬಂದು ತಿನ್ನುತ್ತದೆ ಎಂದು ಆಳು ಹೇಳುತ್ತಾನೆ.

ಇರುಳುಗಪ್ಪೆ
ತೋಡಿನ ಬದಿಯ ದೊಡ್ಡ ಕಲ್ಲಿನ ಮೇಲೆ ಹಿಕ್ಕೆ ಇದೆಯೇ ನೋಡಿ. ಮೀನಿನ ಹುರುಪೆ, ಮುಳ್ಳು ತುಂಬಿದ್ದರೆ ಆಳು ಹೇಳುವುದು ನಿಜವಿರಬಹುದು. ಏಡಿಯ ಚಿಪ್ಪಿನ ಚೂರೇ ತುಂಬಿದ್ದರೆ ಅದು ಘಟ್ಟದ ಸಣ್ಣ ಉಗುರಿನ ನೀರುನಾಯಿ, ಅದಕ್ಕೆ ಏಡಿಯೇ ಮುಖ್ಯ ಊಟ. ಜಗತ್ತಿನಲ್ಲೇ ಅಪಾಯದ ಪಟ್ಟಿಯಲ್ಲಿರುವ ಪ್ರಾಣಿ. ನಿಮ್ಮ ತೋಡಿನಲ್ಲಿ ಇದ್ದರೆ ಅಲ್ಲಿ ಏಡಿ ಧಾರಾಳವಾಗಿದೆ ಎಂದು ಅರ್ಥ.

ವಿಟ್ಲದ_ತೋಟಿಗ
ಕಲ್ಲಿನ ಮೇಲೆ ಕಪ್ಪಗಿನ ಹಿಕ್ಕೆ ಇದೆ. ಇಂದು ಬೆಳಿಗ್ಗೆ ಕೋಲಿನಿಂದ ಬಿಡಿಸಿ ನೋಡಿದೆ. ಕೆಂಪು, ಬಿಳಿ ಚಿಪ್ಪಿನ ಚೂರು. ಹುರುಪೆ ಇಲ್ಲ. ಹಾಗಾದರೆ ಕೆರೆಯ ಮೀನು ಯಾರು ತಿಂದರು?

ಮೂಲ್ಕಿ_ಮುಗುಡು
ಆಳನ್ನು ಕೇಳಿ.

ವಿಟ್ಲದ_ತೋಟಿಗ
ತೋಡಿನ ಬದಿಯ ತಂಗಿಗೆ ಹೇಳುವುದೇನೆಂದರೆ, ನಮ್ಮಲ್ಲಿಗೆ ಬರಬಹುದು. ಕೆಲವು ಷರತ್ತು ಇದೆ. ಲೆಕ್ಕ ಏನೇ ಬರಲಿ, ಮೊದಲು ನನಗೆ ಹೇಳಬೇಕು. ಡ್ರಮ್ಮನ್ನು ತೋಡಿನಲ್ಲಿ ತೊಳೆದ ದಿನವೂ ಅಳೆಯಬೇಕು, ತೋಟದೊಳಗೆ ತೊಳೆದ ದಿನವೂ ಅಳೆಯಬೇಕು, ಎರಡನ್ನೂ ಬರೆಯಬೇಕು. ನಮ್ಮ ಮೇಲಿನಿಂದ ಬರುವ ಡಾಂಬರು ರಸ್ತೆಯ ಚರಂಡಿ ನೀರನ್ನೂ ಒಂದು ಬಾಟಲಿ ಹಿಡಿಯಬೇಕು, ಎಲ್ಲವನ್ನೂ ನನ್ನ ತಲೆಗೆ ಕಟ್ಟಬಾರದು. ಮದ್ದು ಬಿಡುವ ದಿನವನ್ನು ಮುಂಚಿತವಾಗಿ ಹೇಳಲಾಗುವುದಿಲ್ಲ. ಎರಡು ದಿನ ಮಳೆ ಬಿಡುವಂತೆ ಕಂಡರೆ, ಉದ್ದ ಕೋಲಿನಿಂದ ಮದ್ದು ಬಿಡುವ ದೋಟಿಯವನು ಬರುತ್ತೇನೆಂದರೆ, ಹಿಂದಿನ ಸಂಜೆ ಫೋನ್ ಮಾಡುತ್ತೇನೆ. ಬೆಳಿಗ್ಗೆ ಏಳಕ್ಕೆ ಇಲ್ಲಿರಬೇಕು.

ತೋಡಿನ_ಬದಿ
ಎಲ್ಲ ಷರತ್ತಿಗೂ ಒಪ್ಪಿಗೆ. ವಿಳಾಸವನ್ನು ಖಾಸಗಿ ಸಂದೇಶದಲ್ಲಿ ಕಳುಹಿಸಿ. ಮದ್ದು ಬಿಡುವ ಮೊದಲಿನ ಲೆಕ್ಕಕ್ಕೆ ಮೇ ತಿಂಗಳಲ್ಲೇ ಒಮ್ಮೆ ಬರಬಹುದೇ?

ವಿಟ್ಲದ_ತೋಟಿಗ
ಬನ್ನಿ. ಭಾನುವಾರ ಬೇಡ, ಮದುವೆಗಳಿವೆ.

ಎಕ್ಕೂರಿನ_ಹಳಬ
ತಾಮ್ರ ಅಳೆಯುವ ಯಂತ್ರಕ್ಕೆ ಪ್ರತಿ ಮಾದರಿಗೂ ಶುಲ್ಕ ಇರುತ್ತದೆ. ಡ್ರಮ್ಮು ತೊಳೆದ ದಿನದ ಬಾಟಲಿಗಳಿಗೆ ಮೊದಲ ಆದ್ಯತೆ ಕೊಡು, ಉಳಿದವು ಆಮ್ಲ ಹಾಕಿ ಇಟ್ಟರೆ ಕಾಯುತ್ತವೆ. ಪಿಎಚ್ ಮಾತ್ರ ಅಂದೇ ನೋಡಬೇಕು.

ರಬ್ಬರ್_ನೆರಳು
ನಮ್ಮ ತೋಡಿನ ನೀರನ್ನು ಬೇಡ ಎಂದಿರಿ, ಸರಿ. ಬಾವಿಯ ನೀರನ್ನಾದರೂ ಒಂದು ಬಾಟಲಿ ನೋಡಿ ಹೇಳುತ್ತೀರಾ?

ಎಕ್ಕೂರಿನ_ಹಳಬ
ತನ್ನಿ. ಹಳೆಯ ಮಿನರಲ್ ವಾಟರ್ ಬಾಟಲಿಯಲ್ಲಿ ತರಬೇಡಿ.